ಕಣ್ಣಿಗೆ ಕಟ್ಟಿದ ಗಂಡು

ಶನಿವಾರ ಬೆಳಿಗ್ಗೆ ಎಂಟು ಗಂಟೆಗೆ ಬಂದ ಒಂದು ಫೋನಿನಿಂದ ಸುಧಾಕರನ ದಿನ ಕೆಟ್ಟಿತು. ಫೋನು ಮಾಡಿದವರು ಬೆಂಗಳೂರಿನ ವಾರಪತ್ರಿಕೆಯೊಂದರ ಸಂಪಾದಕಿ. ಅವನ ಹದಿನಾಲ್ಕು ಕತೆಗಳನ್ನು ವಾಪಸು ಕಳಿಸಿದ್ದ ಆಕೆ ಹದಿನೈದನೆಯದನ್ನು ಇಟ್ಟುಕೊಂಡಿದ್ದರು. ಆ ಸಂತೋಷದಲ್ಲಿ ಅವನ ಹೆಂಡತಿ ರಾಧ ತವರುಮನೆಗೆಲ್ಲ ಸುದ್ದಿ ಮುಟ್ಟಿಸಿಯೂ ಆಗಿತ್ತು.

"ಕತೆ ಚೆನ್ನಾಗಿದೆ ಸುಧಾಕರ್. ಆದರೆ ನಿಮ್ಮ ಕಳ್ಳಿ ನನಗೆ ಕಾಣಿಸ್ತಾನೇ ಇಲ್ಲ," ಎಂದರು ಸಂಪಾದಕಿ.

ಸುಧಾಕರನಿಗೂ ಅವಳು ಕಾಣಿಸಿರಲಿಲ್ಲ. ಬಂಗಾರಪೇಟೆಯ ಒಂದು ಕಲ್ಯಾಣ ಮಂಟಪದಲ್ಲಿ ಅವನು ಹನ್ನೊಂದು ವರ್ಷದಿಂದ ಗುಮಾಸ್ತ. ನೆಂಟರ ಹಾಗೆ ಮದುವೆಗೆ ಬಂದು, ಹೊಟ್ಟೆ ತುಂಬ ಉಂಡು, ವಧೂವರರಿಗೆ ಅಕ್ಷತೆ ಹಾಕಿ, ಹೋಗುವಾಗ ಬೆಳ್ಳಿಯ ಕುಂಕುಮದ ಬಟ್ಟಲು ಎತ್ತಿಕೊಂಡು ಹೋಗುವ ಹೆಂಗಸಿನ ಕತೆಯನ್ನು ಅಲ್ಲಿಯೇ ಕೂತು ಬರೆದಿದ್ದ. ಸಾವಿರಾರು ಮುಖ ನೋಡಿದವನು. ಆದರೂ ಬರೆಯಲು ಕೂತು ಕಣ್ಣು ಮುಚ್ಚಿದರೆ ಅವನಿಗೆ ಕಾಣುತ್ತಿದ್ದುದು ಒಂದು ಸೀರೆ ಮಾತ್ರ. ಜವಳಿ ಅಂಗಡಿಯ ಮುಂದೆ ತೂಗುಹಾಕಿದ ಸೀರೆಯ ಹಾಗೆ, ಒಳಗೆ ಯಾರೂ ಇರುತ್ತಿರಲಿಲ್ಲ.

ಸಂಜೆ ಐದಕ್ಕೆ ಪುಟ ಮುಗಿಯುತ್ತದೆ, ಅಷ್ಟರೊಳಗೆ ಕಳ್ಳಿಗೆ ಮೂಗು, ಬಾಯಿ, ನಡಿಗೆ ಕೊಟ್ಟು ಕಳಿಸಿದರೆ ಸರಿ, ಇಲ್ಲದಿದ್ದರೆ ಆ ಜಾಗಕ್ಕೆ ಬೇರೆ ಕತೆ ಕಾದಿದೆ ಎಂದು ಹೇಳಿ ಸಂಪಾದಕಿ ಫೋನಿಟ್ಟರು.

ಸುಧಾಕರ ಮಂಚದ ಮೇಲೆ ಕೂತು ಕಣ್ಣು ಮುಚ್ಚಿದ. ಸೀರೆ ಬಂತು. ಇನ್ನೂ ಬಿಗಿಯಾಗಿ ಮುಚ್ಚಿದ. ಸೀರೆಯ ಬಣ್ಣ ಬದಲಾಯಿತು, ಅಷ್ಟೇ. ಹಾಲು ಕರೆದು ಬಂದ ರಾಧ ಅವನ ಮುಖ ನೋಡಿ ಹಲ್ಲುನೋವೇ ಎಂದು ಕೇಳಿದಳು. ವಿಷಯ ತಿಳಿದ ಮೇಲೆ ಅವಳಿಗೆ ಅದೊಂದು ಸಮಸ್ಯೆಯೇ ಅನ್ನಿಸಲಿಲ್ಲ.

"ಕಣ್ಣು ಮುಚ್ಕೊಂಡ್ರೆ ಯಾರು ಕಾಣ್ತಾರೆ? ರಾಬರ್ಟ್‌ಸನ್‌ಪೇಟೆ ಬಸ್ ಸ್ಟ್ಯಾಂಡ್ನಾಗೆ ಓಗಿ ಕಣ್ಣು ಬಿಟ್ಕೊಂಡು ಕೂತ್ಕೊಳ್ರಿ. ಎಂಗೂ ಈ ವಾರ ಮುಹೂರ್ತ ಇಲ್ಲ."

ಹಾಗೆ ಸುಧಾಕರ ಜೇಬಿಗೊಂದು ಪುಟ್ಟ ಪುಸ್ತಕ, ಪೆನ್ನು ಸೇರಿಸಿಕೊಂಡು ಹೊರಟ.

ರಾಬರ್ಟ್‌ಸನ್‌ಪೇಟೆಯ ಬಸ್ ಸ್ಟ್ಯಾಂಡಿನಲ್ಲಿ ಹೆಂಗಸರಿಗೆ ಬರವಿರಲಿಲ್ಲ. ಆದರೆ ಪರರ ಮುಖವನ್ನು ದಿಟ್ಟಿಸಿ ನೋಡಿ ಬರೆದುಕೊಳ್ಳುವುದು ಅವನು ಎಣಿಸಿದಷ್ಟು ಸುಲಭದ ಕೆಲಸವಾಗಿರಲಿಲ್ಲ. ಹೂವಿನ ಬುಟ್ಟಿಯವಳು ಮೊದಲು ತಮಿಳಿನಲ್ಲಿ, ಅದು ನಾಟದಿದ್ದಾಗ ತೆಲುಗಿನಲ್ಲಿ, ಕೊನೆಗೆ ಕನ್ನಡದಲ್ಲಿ ಏನು ನೋಡುತ್ತೀ ಎಂದು ವಿಚಾರಿಸಿದಳು. ಜಗಳ ತಪ್ಪಿಸಲು ಸುಧಾಕರ ಎರಡು ಮೊಳ ಕನಕಾಂಬರ ಕೊಂಡ. ಪಕ್ಕದಲ್ಲಿದ್ದ ಮುದುಕರೊಬ್ಬರು ಅವನ ಪುಸ್ತಕ ನೋಡಿ, ಇವನು ಪಿಂಚಣಿ ತನಿಖೆಗೆ ಬಂದವನೇ ಇರಬೇಕೆಂದು, ಇದ್ದಕ್ಕಿದ್ದಂತೆ ಕುಂಟಲು ಶುರುಮಾಡಿ ಎದ್ದುಹೋದರು.

ಹನ್ನೊಂದರ ಸುಮಾರಿಗೆ ಅವಳು ಬಂದಳು.

ಐವತ್ತರ ಹೆಂಗಸು. ಮೂಗಿನ ಎರಡೂ ಕಡೆ ಬೊಟ್ಟು. ವೈರ್ ಚೀಲವನ್ನು ಕದ್ದ ಕೋಳಿಯ ಹಾಗೆ ಕಂಕುಳಲ್ಲಿ ಒತ್ತಿಕೊಂಡಿದ್ದಳು. ನಡೆಯುವಾಗ ಎರಡು ಹೆಜ್ಜೆಗೊಮ್ಮೆ ಹಿಂದಕ್ಕೆ ತಿರುಗಿ ನೋಡುತ್ತಿದ್ದಳು. ಸುಧಾಕರನಿಗೆ ಮೈ ಜುಂ ಎಂದಿತು. ಸೀರೆಯೊಳಗೆ ಕೊನೆಗೂ ಯಾರೋ ಬಂದು ನಿಂತಿದ್ದರು. ಅವನು ಬರೆದುಕೊಂಡ: "ಕಳ್ಳಿ. ಮುಂಗುಸಿಯ ಕಣ್ಣು. ನಗು ಪೂರಾ ಮೋಸ." ಇನ್ನೂ ಬರೆಯುವುದಿತ್ತು, ಅಷ್ಟರಲ್ಲಿ ಅವಳು ಬೇತಮಂಗಲದ ಬಸ್ಸು ಹತ್ತಿದಳು. ಸುಧಾಕರನೂ ಹತ್ತಿದ.

ಎದುರು ಸೀಟಿನಲ್ಲಿ ಕೂತು ಅವನು ನೋಡುವುದು, ಬರೆಯುವುದು, ನೋಡುವುದು ನಡೆಸಿದ. ಮೂರನೇ ಸ್ಟಾಪಿಗೆ ಅವಳೂ ಅವನನ್ನು ನೋಡಲು ಶುರುಮಾಡಿದಳು.

"ಯಾವೂರಪ್ಪ ನಿಂದು?" ಎಂದಳು.

ಬಂಗಾರಪೇಟೆ ಎಂದ. ಏನು ಕೆಲಸ ಎಂದಳು. ಕಲ್ಯಾಣ ಮಂಟಪದಲ್ಲಿ ಎಂದ. ಅವಳ ಹುಬ್ಬು ಸ್ವಲ್ಪ ಮೇಲೆ ಹೋಯಿತು. ಬೇತಮಂಗಲದಲ್ಲಿ ಯಾರ ಮನೆಗೆ ಎಂದಳು. ಇದಕ್ಕೆ ಸುಧಾಕರ ಉತ್ತರ ತಯಾರು ಮಾಡಿಕೊಂಡಿರಲಿಲ್ಲ.

"ಯಾರ ಮನೆಗೂ ಅಂತಲ್ಲಮ್ಮ. ಸುಮ್ನೆ... ನೋಡ್ಕೊಂಡು ಹೋಗೋಣ ಅಂತ."

ಮನೆಯಲ್ಲಿ ಬೆಳೆದ ಮಗಳಿರುವ ತಾಯಿಗೆ ಆ ಮಾತಿಗೆ ಒಂದೇ ಅರ್ಥ. ಗಂಗರತ್ನಮ್ಮ ಎಂಬ ಆ ಹೆಂಗಸಿನ ಮುಖ ಎಣ್ಣೆಗೆ ಬಿದ್ದ ಹಪ್ಪಳದಂತೆ ಅರಳಿತು. ಗಂಡಿನ ಕಡೆಯವರು ಹೇಳದೆ ಕೇಳದೆ ಯಾರನ್ನಾದರೂ ಮೊದಲು ಕಳಿಸಿ, ಹೆಣ್ಣಿನ ಮನೆ ಹೇಗೆ, ತಾಯಿ ಹೇಗೆ ಎಂದು ನೋಡಿಸುವುದನ್ನು ಅವಳು ಕೇಳಿದ್ದಳು. ಆದರೆ ಹೀಗೆ ಬಸ್ಸಿನಲ್ಲಿಯೇ ಪುಸ್ತಕ ಹಿಡಿದು ಬರೆದುಕೊಳ್ಳುವಷ್ಟು ಅಚ್ಚುಕಟ್ಟಿನ ಜನ ಇರುತ್ತಾರೆಂದು ತಿಳಿದಿರಲಿಲ್ಲ. ಅವಳು ಸೆರಗು ಸರಿಮಾಡಿಕೊಂಡು, ಮಾತನ್ನು ಬಹುವಚನಕ್ಕೆ ತಿರುಗಿಸಿದಳು.

ಬೇತಮಂಗಲದಲ್ಲಿ ಇಳಿದ ಮೇಲೆ ಸುಧಾಕರ ವಾಪಸು ಹೋಗುವ ಬಸ್ಸಿನ ಕಡೆ ನಡೆದ. ಗಂಗರತ್ನಮ್ಮ ಅವನ ದಾರಿಗೆ ಅಡ್ಡ ನಿಂತಳು. ಬಿಸಿಲಲ್ಲಿ ಬಂದವರು ಒಂದು ಲೋಟ ಮಜ್ಜಿಗೆ ಕುಡಿಯದೆ ಹೋದರೆ ಆಗುತ್ತದೆಯೇ, ಮನೆ ಇಲ್ಲೇ, ನಾಲ್ಕು ಹೆಜ್ಜೆ ಎಂದಳು. ಕಳ್ಳಿಯ ಮನೆಯನ್ನೂ ಒಮ್ಮೆ ನೋಡಿದರೆ ಕತೆಗೆ ಒಳ್ಳೆಯದು ಎಂದು ಸುಧಾಕರನೊಳಗಿನ ಸಾಹಿತಿ ಹೇಳಿದ. ಅವನ ಮಾತು ಕೇಳಿ ಸುಧಾಕರ ಕೆಟ್ಟ.

ಮಜ್ಜಿಗೆ ಮುಗಿಯುವಷ್ಟರಲ್ಲಿ ಪಡಸಾಲೆ ತುಂಬಿತ್ತು. ಎದುರು ಮನೆಯ ಅಕ್ಕಯ್ಯಮ್ಮ ಬಂದು ಕಂಬಕ್ಕೆ ಒರಗಿ ಕೂತಳು. ಎಂಬತ್ತು ದಾಟಿದ್ದರೂ ಅವಳಿಗೆ ಬೇಕಾದ ಮಾತು ಕೇಳಿಸುತ್ತಿತ್ತು. ಪಕ್ಕದ ಮನೆಯ ಮುನಿಸ್ವಾಮಪ್ಪ ಮೊಪೆಡ್ಡನ್ನು ಬಾಗಿಲಲ್ಲೇ ನಿಲ್ಲಿಸಿ ಒಳಗೆ ಬಂದ. ಊರಿನಲ್ಲಿ ಯಾವ ಸಂಬಂಧ ಕುದುರಿದರೂ ತನ್ನಿಂದ, ಮುರಿದರೆ ತನ್ನ ಮಾತು ಕೇಳದಿದ್ದುದರಿಂದ ಎಂದು ನಂಬಿದ್ದ ಮನುಷ್ಯ. ಹೆಣ್ಣಿಗೆ ತಂದೆಯಿಲ್ಲ, ಏನಿದ್ದರೂ ತನ್ನ ಹತ್ತಿರ ಮಾತಾಡಬಹುದು ಎಂದು ಅವನು ಗಂಟಲು ಸರಿಪಡಿಸಿಕೊಂಡಾಗಲೇ ಸುಧಾಕರನಿಗೆ ತಾನು ಯಾರಾಗಿದ್ದೇನೆಂಬುದು ಹೊಳೆದದ್ದು. ಗಾಬರಿಯಲ್ಲಿ ಕೈ ತೊಳೆಯುವ ನೆಪ ಮಾಡಿ ಎದ್ದು ಹಿತ್ತಲಿಗೆ ಓಡಿದ. ಪುಸ್ತಕ ಕುರ್ಚಿಯ ಮೇಲೆಯೇ ಉಳಿಯಿತು.

ಹಿತ್ತಲಿನ ಗೋಡೆ ಎಷ್ಟು ಎತ್ತರ ಎಂದು ಅವನು ಅಂದಾಜು ಮಾಡುತ್ತಿದ್ದಾಗ ಹಿಂದಿನಿಂದ ಒಂದು ದನಿ ಕೇಳಿಸಿತು.

"'ಮುಂಗುಸಿಯ ಕಣ್ಣು. ನಗು ಪೂರಾ ಮೋಸ.' ಇದು ನಮ್ಮಮ್ಮನಾ ಸಾರ್?"

ಗಂಗರತ್ನಮ್ಮನ ಮಗಳು ನವ್ಯ. ಇಪ್ಪತ್ತಮೂರು ಇರಬಹುದು. ಕೈಯಲ್ಲಿ ಅವನ ಪುಸ್ತಕವಿತ್ತು. ಸುಧಾಕರ ಸಂಪಾದಕಿಯ ಫೋನಿನಿಂದ ಹಿಡಿದು ಕನಕಾಂಬರದವರೆಗೆ ಒಂದೂ ಬಿಡದೆ ಹೇಳಿದ. ನವ್ಯ ನಗಲಿಲ್ಲ, ಬೈಯಲೂ ಇಲ್ಲ. ರಾಬರ್ಟ್‌ಸನ್‌ಪೇಟೆಯ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಅವಳಿಗೆ ಕೆಲಸ. ಜೊತೆಗೆ ಸರ್ಕಾರಿ ಪರೀಕ್ಷೆಯೊಂದಕ್ಕೆ ಓದುತ್ತಿದ್ದಳು. ಅಮ್ಮ ವಾರಕ್ಕೊಂದು ಗಂಡಿನ ಫೋಟೋ ತರುತ್ತಿದ್ದುದರಿಂದ ಓದು ಮೂರನೇ ಪಾಠ ದಾಟಿರಲಿಲ್ಲ.

"ನೀವು ಗಂಡಿನ ಕಡೆಯವರೇ ಆಗಿರಿ ಸಾರ್. ಹುಡುಗನಿಗೆ ಒಪ್ಪಿಗೆ, ಆದ್ರೆ ಮದುವೆ ಒಂದು ವರ್ಷ ತಡ ಅಂತ ಹೇಳಿ. ಆ ಒಂದು ವರ್ಷ ನಾನು ಓದ್ಕೋತೀನಿ. ಇಲ್ಲಾಂದ್ರೆ ಈ ಪುಟಾನ ಮುನಿಸ್ವಾಮಪ್ಪ ತಾತನ ಕೈಲಿ ಜೋರಾಗಿ ಓದಿಸ್ತೀನಿ."

ಸುಧಾಕರ ಗೋಡೆಯನ್ನು ಇನ್ನೊಮ್ಮೆ ನೋಡಿದ. ಮೇಲೆ ಗಾಜಿನ ಚೂರು ನೆಟ್ಟಿದ್ದರು. ಒಳಗೆ ಬಂದ.

ತಾನು ಬಂದದ್ದು ಸಾಯಿಕುಮಾರ್ ಎಂಬ ಹುಡುಗನ ಕಡೆಯಿಂದ ಎಂದ. ಊರು ಕ್ಯಾಸಂಬಳ್ಳಿಯ ಕಡೆ ಎಂದ. ಹುಡುಗ ಹೇಗಿದ್ದಾನೆ ಎಂದು ಮುನಿಸ್ವಾಮಪ್ಪ ಕೇಳಿದ್ದಕ್ಕೆ ಚೆನ್ನಾಗಿದ್ದಾನೆ ಎಂದ.

"ಚೆನ್ನಾಗವ್ನೆ ಅಂದ್ರೆ ಎಂಗೆ?" ಎಂದಳು ಅಕ್ಕಯ್ಯಮ್ಮ. "ನಮ್ಮ ಎಮ್ಮೇನೂ ಚೆನ್ನಾಗೇ ಐತೆ. ಅಬ್ಬಾಯಿ ಎಂಗವ್ನೆ ಅದನ್ನೇಳು."

ಸಂಪಾದಕಿಗಿಂತ ಈ ಮುದುಕಿ ಕಟ್ಟುನಿಟ್ಟು. ಸುಧಾಕರ ಎತ್ತರ ಎಂದ. ಎಷ್ಟು ಎತ್ತರ? ಅವನು ಕಂಬದ ಮೇಲೆ ಕೈಯಿಟ್ಟು ತೋರಿಸಿದ. ಅಷ್ಟೆತ್ತರದವನು ಈ ಮನೆಗೆ ಬಂದರೆ ತಲೆ ಬಾಗಿಲಿಗೆ ತಗಲುತ್ತದಲ್ಲ ಎಂದಳು ಗಂಗರತ್ನಮ್ಮ. ಸುಧಾಕರ ಬಾಗಿಲ ಕಡೆ ತಿರುಗಿದ. ಅಷ್ಟರಲ್ಲಿ ಅವನ ಜೀವಮಾನದಲ್ಲಿ ಯಾವತ್ತೂ ಆಗದಿದ್ದ ಸಂಗತಿಯೊಂದು ಆಯಿತು. ಕಣ್ಣು ತೆರೆದೇ ಇತ್ತು. ಆದರೂ ಆ ಬಾಗಿಲಿನಲ್ಲಿ ಒಬ್ಬ ಹುಡುಗ ತಲೆ ಬಗ್ಗಿಸಿಕೊಂಡು ಒಳಗೆ ಬಂದ.

"ತಗಲೋದಿಲ್ಲಮ್ಮ," ಎಂದ ಸುಧಾಕರ ನಿಧಾನವಾಗಿ. "ಅವನಿಗೆ ಬಗ್ಗಿ ಬರೋದು ಅಭ್ಯಾಸ. ದೊಡ್ಡ ಬಾಗಿಲಿದ್ರೂ ಬಗ್ತಾನೆ. ನಮ್ಮ ಕಲ್ಯಾಣ ಮಂಟಪದ ಬಾಗಿಲಲ್ಲಿ ಆನೆ ಹೋಗಬಹುದು, ಅಲ್ಲೂ ಬಗ್ಗಿಯೇ ಬಂದ."

ಆಮೇಲೆ ಅವನು ಕಷ್ಟಪಡಬೇಕಾಗಲಿಲ್ಲ. ನೋಡಿದ್ದನ್ನು ಹೇಳುತ್ತ ಹೋದ. ಹುಡುಗನಿಗೆ ಬೋರ್‌ವೆಲ್ ಮೋಟರು ರಿಪೇರಿ ಕೆಲಸ. ಮೋಟರು ಕೆಟ್ಟಿದೆ ಎಂದರೆ ಮೊದಲು ಅದರ ಮೈಗೆ ಕಿವಿಯಿಟ್ಟು, ಜ್ವರ ಬಂದ ಮಗುವಿನ ಹತ್ತಿರ ಕೂತ ಹಾಗೆ ಕೂರುತ್ತಾನೆ. ಮನೆಯಲ್ಲಿ ನಾಲ್ಕು ಹಸು, ಅವುಗಳ ಜೊತೆ ತೆಲುಗಿನಲ್ಲಿ ಮಾತಾಡುತ್ತಾನೆ, ಜನರ ಜೊತೆ ಕನ್ನಡ. ಚಿಕ್ಕವನಿದ್ದಾಗ ಹಾಲಿನ ಕ್ಯಾನು ಕಟ್ಟಿಕೊಂಡು ಸೈಕಲ್ಲಿನಿಂದ ಬಿದ್ದು ಎಡಗಡೆ ಮೊಣಕಾಲಿನ ಮೇಲೆ ಗಾಯ ಮಾಡಿಕೊಂಡಿದ್ದ, ಗುರುತು ಇನ್ನೂ ಹೋಗಿಲ್ಲ. ಯಾರಾದರೂ ತಮಾಷೆ ಹೇಳಿದರೆ ಎಲ್ಲರೂ ನಕ್ಕು ಮುಗಿಸಿ ಬೇರೆ ಮಾತಿಗೆ ಹೋದ ಮೇಲೆ ಅವನು ಒಬ್ಬನೇ ನಗುತ್ತಾನೆ.

ಅಕ್ಕಯ್ಯಮ್ಮ ಬಾಗಿಲ ಕಡೆ ನೋಡುತ್ತ, ಯಾರೋ ಬಂದರೆಂಬಂತೆ ಕಾಲು ಮಡಚಿ ದಾರಿ ಬಿಟ್ಟಳು. ಗಂಗರತ್ನಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ನೋಡಿವ್ನಿ ನಾನು ಅವನ್ನ," ಎಂದ ಮುನಿಸ್ವಾಮಪ್ಪ. ಎಲ್ಲಿ ಎಂದು ನೆನಪಿಗೆ ಬರುತ್ತಿಲ್ಲ, ಆದರೆ ನೋಡಿದ್ದು ಹೌದು, ಲೇಟಾಗಿ ನಗುವುದು ನೆನಪಿದೆ ಎಂದ. ಯಾರ ಮಗ, ಯಾವ ಬೀದಿ ಎಂದು ಅವನು ಮುಂದುವರಿಸುವಷ್ಟರಲ್ಲಿ, ಸುಧಾಕರ ಒಂದು ವರ್ಷದ ಮಾತು ತೆಗೆದ. ಹುಡುಗನ ಮನೆಯವರು ಹೊಸ ಮನೆ ಕಟ್ಟುತ್ತಿದ್ದಾರೆ, ಗೃಹಪ್ರವೇಶವಾಗದೆ ಮದುವೆ ಮಾಡುವುದಿಲ್ಲ ಎಂದ. ಇಂಥ ಹುಡುಗನಿಗೆ ಒಂದಲ್ಲ ಎರಡು ವರ್ಷ ಬೇಕಾದರೂ ಕಾಯುತ್ತೇನೆ ಎಂದಳು ಗಂಗರತ್ನಮ್ಮ. ಆಮೇಲೆ ಊಟವಿಲ್ಲದೆ ಕಳಿಸುವ ಮಾತೇ ಇರಲಿಲ್ಲ. ಮುದ್ದೆ, ಹುರುಳಿಕಾಳಿನ ಬಸ್ಸಾರು. ಮುದ್ದೆಯ ನೆತ್ತಿಯಲ್ಲಿ ಗುಳಿ ಮಾಡಿ ಅವಳು ತುಪ್ಪ ಹಾಕಿದಾಗ ಸುಧಾಕರನಿಗೆ ಅವಳ ಕಣ್ಣಿಗೂ ಮುಂಗುಸಿಗೂ ಏನೂ ಸಂಬಂಧ ಕಾಣಲಿಲ್ಲ.

ಸಾರು ಬಡಿಸಲು ಬಂದ ನವ್ಯ ಬಗ್ಗಿ, "ಸಾಕು ಸಾರ್, ಸ್ವಲ್ಪ ಕಮ್ಮಿ ಮಾಡಿ. ಅಮ್ಮ ನಂಬಿಬಿಟ್ಳು," ಎಂದಳು ಮೆಲ್ಲಗೆ. ಹೊರಡುವಾಗ ಪುಸ್ತಕ ವಾಪಸು ಕೊಡುತ್ತ, ಆ ಲೇಟಾಗಿ ನಗುವುದು ಎಲ್ಲಿಂದ ಬಂತು ಎಂದು ಕೇಳಿದಳು. ಗೊತ್ತಿಲ್ಲ, ಅವನು ನಕ್ಕಿದ್ದು ಕಾಣಿಸಿತು ಅಷ್ಟೇ ಎಂದ ಸುಧಾಕರ. ಮುನಿಸ್ವಾಮಪ್ಪ ಸುಧಾಕರನ ಫೋನ್ ನಂಬರು ಬರೆದುಕೊಂಡು, ಒಮ್ಮೆ ಫೋನು ಮಾಡಿ ಅದು ಬಡಿದುಕೊಂಡದ್ದನ್ನು ಕಿವಿಯಾರೆ ಕೇಳಿಯೇ ಬಿಟ್ಟ.

ಎರಡೂವರೆಯ ಬಸ್ಸಿನಲ್ಲಿ ಕೂತು ಸುಧಾಕರ ಪುಸ್ತಕ ಬಿಡಿಸಿದ. ಕಳ್ಳಿಯನ್ನು ಕರೆದ. ಅವಳು ಬರಲಿಲ್ಲ. ಬಂದರೂ ಕೈಯಲ್ಲಿ ತುಪ್ಪದ ಗಿಂಡಿ ಹಿಡಿದೇ ಬರುತ್ತಿದ್ದಳು, ಬೆಳ್ಳಿಯ ಬಟ್ಟಲನ್ನು ಮುಟ್ಟಲು ಒಪ್ಪುತ್ತಿರಲಿಲ್ಲ. ಆದರೆ ಪಕ್ಕದ ಸೀಟಿನಲ್ಲಿ, ಉದ್ದದ ಕಾಲಿನ ಮೊಣಕಾಲು ಮುಂದಿನ ಸೀಟಿಗೆ ತಗಲುವಂತೆ, ಆ ಹುಡುಗ ಬಂದು ಕೂತಿದ್ದ. ಸುಧಾಕರ ಕಳ್ಳಿಯನ್ನು ಬಿಟ್ಟು ಹೊಸ ಕತೆಗೆ ಪೆನ್ನು ತೆಗೆದ. ಬಸ್ಸಿನಲ್ಲಿ ಬರೆದ, ರಾಬರ್ಟ್‌ಸನ್‌ಪೇಟೆಯಲ್ಲಿ ಟೀ ಅಂಗಡಿಯ ಬೆಂಚಿನ ಮೇಲೆ ಬರೆದ, ಬಂಗಾರಪೇಟೆಯ ಬಸ್ಸಿನಲ್ಲಿ ನಿಂತುಕೊಂಡೇ ಬರೆದ. ಅಪರಿಚಿತನನ್ನು ಬಸ್ಸಿನಿಂದ ಕರೆದುಕೊಂಡು ಹೋಗಿ ಉಣ್ಣಲು ಹಾಕಿದ ತಾಯಿ, ಬಾಗಿಲು ದೊಡ್ಡದಿದ್ದರೂ ಬಗ್ಗುವ ಗಂಡು, ಎಲ್ಲವನ್ನೂ ಬರೆದ. ಮನೆಗೆ ಬಂದು ಪುಟಗಳ ಫೋಟೋ ತೆಗೆದು, ಐದಕ್ಕೆ ಹತ್ತು ನಿಮಿಷವಿದ್ದಾಗ ಸಂಪಾದಕಿಗೆ ಕಳಿಸಿದ. ಹದಿನೈದು ಕತೆ ಬರೆದರೂ ತಿಳಿಯದಿದ್ದ ಗುಟ್ಟು ಇವತ್ತು ತಿಳಿಯಿತು ಎಂದು ರಾಧಳಿಗೆ ಹೇಳಿದ. ಬಾಡಿದ ಕನಕಾಂಬರವನ್ನೂ ಕೊಟ್ಟ.

ಐದೂವರೆಗೆ ಸಂಪಾದಕಿಯ ಫೋನು ಬಂತು. ಭಾಷೆ ಸೊಗಸಾಗಿದೆ ಎಂದರು. ಸುಧಾಕರ ರಾಧಳ ಕಡೆ ನೋಡಿ ಹುಬ್ಬು ಹಾರಿಸಿದ.

"ಆದರೆ ಸುಧಾಕರ್, ಇಂಥ ಹುಡುಗ ಎಲ್ಲಿರ್ತಾನೆ ಹೇಳಿ. ಹಸುಗಳ ಜೊತೆ ತೆಲುಗು ಮಾತಾಡ್ತಾನಂತೆ, ಮೋಟರಿಗೆ ಕಿವಿ ಇಡ್ತಾನಂತೆ. ಬರೀ ಕಲ್ಪನೆ. ಓದೋರು ನಂಬಬೇಕಲ್ಲ? ಪಾತ್ರ ಅಂದರೆ ಜೀವನದಿಂದ ಎದ್ದು ಬರಬೇಕು. ನೀವು ಸ್ವಲ್ಪ ಹೊರಗಡೆ ಓಡಾಡಿ, ನಾಲ್ಕು ಜನರನ್ನ ನೋಡಿ."

ಆ ಜಾಗಕ್ಕೆ ಬೇರೆ ಕತೆ ಹೋಗಿಯಾಗಿತ್ತು. ಸುಧಾಕರ ಮಂಚದ ಮೇಲೆ ಕೂತ. ರಾಧ ಕಾಫಿ ತಂದಿಟ್ಟಳು. ತವರುಮನೆಗೆ ಏನು ಹೇಳುವುದೆಂದು ಅವಳೂ ಯೋಚಿಸುತ್ತಿದ್ದಳು.

ಕಾಫಿ ಮುಗಿಯುವ ಮೊದಲೇ ಫೋನು ಮತ್ತೆ ಬಡಿದುಕೊಂಡಿತು. ಮುನಿಸ್ವಾಮಪ್ಪ. ಹಿಂದೆ ಹತ್ತಾರು ಜನರ ಮಾತು, ಒಂದು ಹಸುವಿನ ಕೂಗು ಕೇಳಿಸುತ್ತಿತ್ತು.

"ಸಿಕ್ಕಿದ ಕಣಪ್ಪ ನಿನ್ನ ಉಡ್ಗ," ಎಂದ ಮುನಿಸ್ವಾಮಪ್ಪ.

ಸುಧಾಕರ ಕಾಫಿ ಲೋಟ ಕೆಳಗಿಟ್ಟು ಯಾವ ಹುಡುಗ ಎಂದು ಕೇಳಿದ. ಮುನಿಸ್ವಾಮಪ್ಪ ವಿವರವಾಗಿ ಹೇಳಿದ. ಇಂಥ ಸಂಬಂಧವನ್ನು ಒಂದು ವರ್ಷ ಹಾಗೇ ಬಿಟ್ಟರೆ ಬೇರೆಯವರು ಹಾರಿಸಿಕೊಂಡು ಹೋಗುತ್ತಾರೆ ಎನ್ನಿಸಿ, ಸುಧಾಕರನನ್ನು ಬಸ್ಸು ಹತ್ತಿಸಿದ ಅರ್ಧ ಗಂಟೆಗೆ ಅವನು ಮೊಪೆಡ್ಡಿನಲ್ಲಿ ಕ್ಯಾಸಂಬಳ್ಳಿಗೆ ಹೊರಟಿದ್ದ. ಅಲ್ಲಿ ಹಾಲಿನ ಡೈರಿಯ ಹತ್ತಿರ, ಎತ್ತರದ ಹುಡುಗ, ಮೋಟರು ರಿಪೇರಿ ಮಾಡುವವನು, ಲೇಟಾಗಿ ನಗುವವನು ಯಾರು ಎಂದು ಕೇಳಿದ. ಮೂರು ಜನ ಒಂದೇ ಮನೆ ತೋರಿಸಿದರು.

"ಎಸ್ರು ಮಾತ್ರ ತಪ್ಪು ಏಳಿದ್ದೆ ನೋಡು. ಸಾಯಿಕುಮಾರ್ ಅಲ್ಲ, ವಿಜಯಕುಮಾರ್. ಮೊಣಕಾಲು ಎಡಗಡೇದು ಅಂದಿದ್ದೆ, ಬಲಗಡೇದು. ಅದಿರ್ಲಿ ಬಿಡು, ಮರೆವು ಎಲ್ಲರಿಗೂ ಇದ್ದಿದ್ದೇ. ಮನೆ ತಾರಸಿ ಮೋಲ್ಡು ಓದ ವಾರಾನೇ ಆಕವ್ರಂತೆ. ವರ್ಷ ಎಲ್ಲಾ ಕಾಯೋದು ಏನೂ ಬೇಕಾಗಿಲ್ಲ ಅಂತವ್ರೆ."

ಗಂಗರತ್ನಮ್ಮನೂ ನವ್ಯಳೂ ಆಟೋ ಮಾಡಿಕೊಂಡು ಅಲ್ಲಿಗೇ ಬಂದಿದ್ದರು. ಅಕ್ಕಯ್ಯಮ್ಮನನ್ನು ಬಿಟ್ಟು ಬರಲು ನೋಡಿದರೂ ಆಗಿರಲಿಲ್ಲ. ಫೋನು ಕೈಯಿಂದ ಕೈಗೆ ಹೋಯಿತು. ಮೊದಲು ಬಂದದ್ದು ನವ್ಯಳ ದನಿ, ಯಾರಿಗೂ ಕೇಳದ ಹಾಗೆ.

"ವರ್ಷ ತಡ ಮಾಡಿ ಅಂದೆ ಸಾರ್. ನೀವು ಸಾಯಂಕಾಲಕ್ಕೇ ಮಾಡ್ಸಿಬಿಟ್ರಿ." ಆಮೇಲೆ ದನಿ ಇನ್ನೂ ತಗ್ಗಿಸಿದಳು. "ಬಗ್ಗಿಯೇ ಬಂದ ಸಾರ್. ಬಾಗಿಲು ದೊಡ್ಡದೇ ಇತ್ತು."

ಅವಳು ಬೈದಳೋ, ಹೊಗಳಿದಳೋ ತಿಳಿಯುವ ಮೊದಲೇ ಫೋನನ್ನು ಬೇರೆ ಯಾರೋ ಕಿತ್ತುಕೊಂಡರು. ಇದು ಗಟ್ಟಿ ಗಂಟಲು. ತಾನು ವಿಜಯಕುಮಾರನ ತಾಯಿ ಮುನಿಲಕ್ಷ್ಮಿ ಎಂದಳು. ಹೆಣ್ಣು ಚೆನ್ನಾಗಿದೆ, ಜನವೂ ಒಳ್ಳೆಯವರು, ಅದರ ಬಗ್ಗೆ ತಕರಾರಿಲ್ಲ. ಆದರೆ ತಮ್ಮ ಕಡೆಯಿಂದ ಯಾರನ್ನೂ ಎಲ್ಲಿಗೂ ಕಳಿಸಿಲ್ಲ. ಮಗನನ್ನು ಕೇಳಿದರೆ ಸುಧಾಕರ ಎಂಬ ಹೆಸರನ್ನೇ ಕೇಳಿಲ್ಲ ಎನ್ನುತ್ತಾನೆ.

"ನೀವು ಯಾರು ಅನ್ನೋದು ಆಮೇಲೆ. ನನ್ನ ಮಗನ ಮೊಣಕಾಲ ಮ್ಯಾಲಿನ ಗುರ್ತು ನಿಮಗೆ ಎಂಗೆ ಗೊತ್ತು? ಅದನ್ನ ಮೊದ್ಲು ಏಳಿ."

ಬೆಳಗಿನಿಂದ ಹೇಳಿದ ಸುಳ್ಳುಗಳ ಭಾರಕ್ಕೆ ಸುಧಾಕರ ಬಸವಳಿದಿದ್ದ. ಇನ್ನು ಸಾಕು ಎನ್ನಿಸಿತು. ಅವನು ಉಸಿರೆಳೆದುಕೊಂಡು ಇದ್ದದ್ದನ್ನು ಇದ್ದ ಹಾಗೆ ಹೇಳಿದ. ತಾನು ಕತೆ ಬರೆಯುವವನು, ನಿಮ್ಮ ಮಗನನ್ನು ಕನಸಿನಲ್ಲಿಯೂ ನೋಡಿದವನಲ್ಲ, ಬೇತಮಂಗಲದ ಒಂದು ಬಾಗಿಲು ನೋಡುತ್ತ ಕೂತಿದ್ದಾಗ ಅವನು ತಾನಾಗಿಯೇ ಬಗ್ಗಿ ಒಳಗೆ ಬಂದ, ಮಿಕ್ಕದ್ದೆಲ್ಲ ಅವನನ್ನು ನೋಡಿ ಹೇಳಿದ್ದು ಎಂದ.

ಆ ಕಡೆ ಹಸು ಒಮ್ಮೆ ಕೂಗಿತು.

"ಏನಪ್ಪ," ಎಂದಳು ಮುನಿಲಕ್ಷ್ಮಿ ಬೇಸರದಿಂದ, "ಸುಳ್ಳು ಏಳಿದ್ರೂ ನಂಬೋ ಅಂಗೆ ಏಳ್ಬಾರ್ದಾ?"